ಕೀಮೋ ಪೋರ್ಟ್ ಫ್ಲಷ್ ಮಾಡಿಸುವುದು ಹೇಗೆ?

ಕೀಮೋ ಮುಗಿಸಿ ಊರಿಗೆ ಹೋದವರು ಔಷಧಿ ಹಾಕಲು ಎದೆಯಲ್ಲಿಟ್ಟಿರುವ ಪೋರ್ಟನ್ನು ಮರೆತೇಬಿಡುತ್ತಾರೆ. ಇಲ್ಲವೇ ಪಕ್ಕದ ನರ್ಸಿಂಗ್ ಹೋಮಿನಲ್ಲಿ ಸಿಕ್ಕ ಸೂಜಿಯಲ್ಲೇ ಚುಚ್ಚಿಸಿಕೊಂಡು, ಕೆಟ್ಟ ಮೇಲೆ ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಕಾಲರ್ ಬೋನ್ ಕೆಳಗೆ ಚರ್ಮದಡಿ ಇರುವ ಈ ಪುಟ್ಟ ಡಬ್ಬಿಯ ಕೊಳವೆ ಹೃದಯದ ಹತ್ತಿರದ ದೊಡ್ಡ ರಕ್ತನಾಳದವರೆಗೂ ಹೋಗಿರುತ್ತದೆ. ಅದು ಕಟ್ಟಿಕೊಳ್ಳದಂತೆ ಆಗಾಗ ಸಲೈನ್ (ಉಪ್ಪುನೀರು) ಹಾಯಿಸಿ ತೊಳೆಯುವುದೇ ಫ್ಲಷ್. ಅಸಡ್ಡೆ ನಡೆಯಲ್ಲ.

1. ಫ್ಲಷ್ ಮಾಡಿಸುವ ತಾರೀಕು ಬರೆದಿಟ್ಟುಕೊಳ್ಳಿ. ಕೆಲವು ಕಡೆ 4 ವಾರಕ್ಕೊಮ್ಮೆ, ಕೆಲವು ಕಡೆ 3 ತಿಂಗಳಿಗೊಮ್ಮೆ. ನಿಮ್ಮ ಡಾಕ್ಟರು ಹೇಳಿದ್ದೇ ಲೆಕ್ಕ.

2. ಪೋರ್ಟಿಗೆಂದೇ ಇರುವ ಹ್ಯೂಬರ್ ಸೂಜಿ ಇದೆಯಾ ಅಂತ ಮೊದಲೇ ಫೋನ್ ಮಾಡಿ ಕೇಳಿ. ಮಾಮೂಲಿ ಸೂಜಿ ಪೋರ್ಟಿನ ಸಿಲಿಕೋನ್ ಮುಚ್ಚಳದ ಚೂರನ್ನೇ ಕಿತ್ತುಬಿಡುತ್ತದೆ, ಆಮೇಲೆ ಅಲ್ಲಿಂದ ಸೋರುತ್ತದೆ. ‘ಎಲ್ಲ ಸೂಜಿನೂ ಒಂದೇ’ ಅಂದವರ ಹತ್ತಿರ ಕೂರಲೇಬೇಡಿ.

3. ಎಡವಟ್ಟಾಗುವುದೆಲ್ಲ ಚುಚ್ಚಿ ಫ್ಲಷ್ ಮಾಡುವಾಗಲೇ. ನರ್ಸ್ ಮಾಸ್ಕ್, ಸ್ಟೆರೈಲ್ ಗ್ಲೌಸ್ ಹಾಕಿರಬೇಕು. ಚರ್ಮಕ್ಕೆ ಹಚ್ಚಿದ ಕ್ಲೋರ್‌ಹೆಕ್ಸಿಡಿನ್ (ಕ್ರಿಮಿನಾಶಕ ದ್ರವ) ತಾನಾಗಿ ಒಣಗಬೇಕು; ಬಾಯಲ್ಲಿ ಊದಿ ಒಣಗಿಸುವವರೂ ಇದ್ದಾರೆ, ತಡೆಯಿರಿ! ಸೂಜಿ ಡಬ್ಬಿಯ ತಳ ಮುಟ್ಟಿದ ಮೇಲೆ ಮೊದಲು ಎಳೆದು ನೋಡಬೇಕು, ರಕ್ತ ಬರಬೇಕು. ಬರಲಿಲ್ಲವಾ? ಕೈ ಮೇಲೆತ್ತಿ, ಕೆಮ್ಮಿ, ಮಗ್ಗುಲು ಬದಲಿಸಿ. ಆಗಲೂ ಬರದಿದ್ದರೆ ಅಲ್ಲಿಗೇ ನಿಲ್ಲಿಸಿ. ಕೊಳವೆಯ ತುದಿಗೆ ಫೈಬ್ರಿನ್ (ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನು) ಪೊರೆ ಕಟ್ಟಿರಬಹುದು, ಅದನ್ನು ಕರಗಿಸಲು ಔಷಧಿ ಇದೆ. ಬಲವಂತವಾಗಿ ಒತ್ತುವುದು ಮಾತ್ರ ಬೇಡ. 2 ಎಂಎಲ್, 5 ಎಂಎಲ್ ಸಿರಿಂಜೂ ಬೇಡ. ಸಿರಿಂಜ್ ಸಣ್ಣದಾದಷ್ಟೂ ಒತ್ತಡ ಜಾಸ್ತಿ, ಕೊಳವೆ ಒಡೆಯಬಹುದು. 10 ಎಂಎಲ್‌ನದ್ದೇ ಇರಲಿ. ಸಲೈನ್ ಸ್ವಲ್ಪ ಒತ್ತಿ, ನಿಲ್ಲಿಸಿ, ಮತ್ತೆ ಒತ್ತಬೇಕು.

ಕೈ ಎತ್ತಿದಾಗ ಮಾತ್ರ ಸಲೈನ್ ಹೋಗುತ್ತದೆ ಅಂದರೆ ಕೊಳವೆ ಕಾಲರ್ ಬೋನ್, ಮೊದಲ ಪಕ್ಕೆಲುಬಿನ ನಡುವೆ ಸಿಕ್ಕಿಕೊಂಡಿರಬಹುದು. ತುಂಡಾಗುವ ಮೊದಲೇ ಎಕ್ಸ್‌ರೇ ತೆಗೆಸಿ.

ಇನ್ನೂ ಕೀಮೋ ನಡೆಯುತ್ತಿರುವವರು ಪೋರ್ಟ್ ಸುತ್ತ ಉರಿಯೋ ಊತವೋ ಕಂಡರೆ ತಕ್ಷಣ ನರ್ಸನ್ನು ಕೂಗಿ. ಡಾಕ್ಸೊರುಬಿಸಿನ್‌ನಂಥ ಕೀಮೋ ಔಷಧಿ ಹೊರಗೆ ಸೋರಿದರೆ ಮಾಂಸವೇ ಕೊಳೆಯುತ್ತದೆ. ಸುಮ್ನೆ ಸಹಿಸಿಕೊಂಡು ಕೂರಬೇಡಿ.

4. ಫ್ಲಷ್ ಆದ ಮೇಲೆ ಗಡಗಡ ನಡುಕ ಬಂತಾ? ಜ್ವರ 100.4 ಡಿಗ್ರಿ ಮುಟ್ಟಿತಾ? ಡೋಲೋ ನುಂಗಿ ಮಲಗಬೇಡಿ, ರಾತ್ರಿಯಾದರೂ ಹೊರಡಿ. ಮೇಲೆ ಕೆಂಪಾಗದಿದ್ದರೂ ಸೋಂಕು ಒಳಗಿರಬಹುದು. ಆ್ಯಂಟಿಬಯಾಟಿಕ್ ಶುರುವಾಗುವ ಮೊದಲು ಪೋರ್ಟಿನಿಂದಲೂ ಕೈಯಿಂದಲೂ ಬ್ಲಡ್ ಕಲ್ಚರ್‌ಗೆ (ರಕ್ತದಲ್ಲಿ ರೋಗಾಣು ಇದೆಯೇ ಎಂಬ ಪರೀಕ್ಷೆ) ರಕ್ತ ತೆಗೆಯಬೇಕು. ಅದೇ ಬದಿಯ ಕೈಯೋ ಕುತ್ತಿಗೆಯೋ ಊದಿದರೆ ರಕ್ತ ಹೆಪ್ಪುಗಟ್ಟಿದೆಯೇ ಅಂತ ಡಾಪ್ಲರ್ ಸ್ಕ್ಯಾನ್ (ರಕ್ತದ ಹರಿವು ನೋಡುವುದು) ಮಾಡಿಸಿ.

5. ನಿಮ್ಮದು ಯಾವ ಬಗೆಯ ಪೋರ್ಟ್ ಅಂತ ಬರೆದಿರುವ ಕಾರ್ಡು ಪರ್ಸಿನಲ್ಲೇ ಇರಲಿ. ಸಿಟಿ ಸ್ಕ್ಯಾನಿನ ಕಾಂಟ್ರಾಸ್ಟನ್ನು (ಚಿತ್ರ ಸ್ಪಷ್ಟವಾಗಲು ಕೊಡುವ ದ್ರವ) ಎಲ್ಲ ಪೋರ್ಟಿಗೂ ಮಷೀನಿನಿಂದ ಹಾಕುವಂತಿಲ್ಲ.