ತುಂಡು ಅಂಜಲ್ ಯಾವ ಜಾತಿಯದ್ದು? ಲ್ಯಾಪ್‌ಟಾಪಲ್ಲೇ ನೋಡಿ

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಟ್ರಾಲ್ ಬೋಟುಗಳು ಕಡಲಿಗಿಳಿಯುವುದಿಲ್ಲ. ಮಂಗಳೂರಿನ ದಕ್ಕೆಯಲ್ಲಿ ಒಂದಕ್ಕೊಂದು ಒರಗಿಕೊಂಡು ನಿಂತಿರುತ್ತವೆ. ಆದರೆ ಮೀನು ತಿನ್ನುವ ಬಾಯಿಗೆ ರಜೆ ಇಲ್ಲ ಅಲ್ವಾ? ಹೊರಗಿನಿಂದ ಐಸ್ ಹಾಕಿದ ಮೀನು ಬರುತ್ತದೆ. ಇಡೀ ಅಂಜಲ್ ಮೀನಾದರೆ ಅದರ ಎರಡು ಜಾತಿಗಳನ್ನು ಗುರುತು ಹಿಡಿಯುವುದು ಸುಲಭ. ಮೈಮೇಲೆ ಮೇಲಿನಿಂದ ಕೆಳಕ್ಕೆ ಅಲೆಯಂಥ ಪಟ್ಟೆಗಳಿದ್ದರೆ ಸ್ಕಾಂಬರೊಮೋರಸ್ ಕಾಮರ್ಸನ್. ಸಾಲು ಸಾಲು ಚುಕ್ಕೆಗಳಿದ್ದರೆ ಸ್ಕಾಂಬರೊಮೋರಸ್ ಗಟ್ಟೇಟಸ್. ಚರ್ಮ ಸುಲಿದು ತುಂಡು ಮಾಡಿದ ಮೇಲೆ ಪಟ್ಟೆಯೂ ಇಲ್ಲ, ಚುಕ್ಕೆಯೂ ಇಲ್ಲ. ಉಳಿಯುವುದು ಡಿಎನ್‌ಎ ಮಾತ್ರ.

ಮೀನಿನ ಜಾತಿ ಪತ್ತೆಗೆ ಸಾಮಾನ್ಯವಾಗಿ ಬಳಸುವುದು ಮೈಟೊಕಾಂಡ್ರಿಯಾದ ಸಿಒಐ ಎಂಬ ಜೀನಿನ ಸುಮಾರು 650 ಅಕ್ಷರದ ತುಂಡು. ಮಾಂಸದಿಂದ ಡಿಎನ್‌ಎ ತೆಗೆಯುವುದು, ಪಿಸಿಆರ್ ಮಾಡಿ ಆ ತುಂಡಿನ ಪ್ರತಿಗಳನ್ನು ಹೆಚ್ಚಿಸುವುದು ಲ್ಯಾಬಿನ ಕೆಲಸ, ಅದನ್ನು ಇಲ್ಲಿ ಬಿಡೋಣ. ಸೀಕ್ವೆನ್ಸಿಂಗ್, ಅಂದರೆ ಮಷೀನಿನಲ್ಲಿ ಡಿಎನ್‌ಎ ಅಕ್ಷರಗಳನ್ನು ಓದುವ ಕೆಲಸ, ಆಗಿ ಎರಡು ಎಬಿ1 ಫೈಲುಗಳು, ಒಂದು ಫಾರ್ವರ್ಡ್, ಒಂದು ರಿವರ್ಸ್, ನಿಮ್ಮ ಮೇಲ್‌ಗೆ ಬಂದಿವೆ ಎಂದುಕೊಳ್ಳಿ. ಮುಂದೇನು?

ನಾನು ಹೇಳುವುದು ಡಿಎನ್‌ಎ ಸಾಲುಗಳನ್ನು ಹೋಲಿಸುವ ಮೆಗಾ ಎಂಬ ಸಾಫ್ಟ್‌ವೇರ್. ಸುಧೀರ್ ಕುಮಾರ್, ಕೊಯಿಚಿರೊ ತಮುರಾ, ಮಸತೋಶಿ ನೇಯಿ ಮೂವರು ಸೇರಿ 1993ರಲ್ಲಿ ಮೊದಲ ಆವೃತ್ತಿ ತಂದರು. ಉಚಿತ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಒಮ್ಮೆ ಇನ್‌ಸ್ಟಾಲ್ ಆದರೆ ಹೆಚ್ಚಿನ ಕೆಲಸಕ್ಕೆ ನೆಟ್ ಬೇಡ. ಮಳೆಗಾಲದಲ್ಲಿ ಇದು ಸಣ್ಣ ಅನುಕೂಲವಲ್ಲ.

ಮೊದಲು ಗ್ರಾಫ್ ನೋಡಿ

'ಅಲೈನ್' ಮೆನುವಿನಿಂದ ಎಬಿ1 ಫೈಲನ್ನು ತೆರೆಯಿರಿ. ನಾಲ್ಕು ಬಣ್ಣದ ಗುಡ್ಡಗಳು ಸಾಲಾಗಿ ಕಾಣುತ್ತವೆ. ಒಂದೊಂದು ಗುಡ್ಡವೂ ಒಂದೊಂದು ಅಕ್ಷರ: ಎ, ಟಿ, ಜಿ ಅಥವಾ ಸಿ. ಶುರುವಿನ ಮೂವತ್ತು ನಲವತ್ತು ಅಕ್ಷರಗಳಲ್ಲಿ ಗುಡ್ಡಗಳು ಒಂದರ ಮೇಲೊಂದು ಬಿದ್ದಿರುತ್ತವೆ. ಕೊನೆಯಲ್ಲಿ ಚಪ್ಪಟೆಯಾಗಿ ಹರಡಿಕೊಂಡಿರುತ್ತವೆ. ಆ ಎರಡೂ ತುದಿಗಳನ್ನು ಬಿಟ್ಟು, ಗುಡ್ಡಗಳು ಒಂಟೊಂಟಿಯಾಗಿ ಚೂಪಾಗಿ ನಿಂತಿರುವ ಭಾಗವನ್ನು ಮಾತ್ರ ಇಟ್ಟುಕೊಳ್ಳಿ. ಮಷೀನು ಕೊಡುವ ಅಂಕವೂ ನೆರವಾಗುತ್ತದೆ. ಅಂಕ 20 ಎಂದರೆ ನೂರರಲ್ಲಿ ಒಂದು ತಪ್ಪಾಗುವ ಸಂಭವ, 30 ಎಂದರೆ ಸಾವಿರದಲ್ಲಿ ಒಂದು.

ಜಾಸ್ತಿ ಜನ ಈ ಹಂತ ಹಾರಿಸಿ, ಜೊತೆಗೆ ಬಂದ ಟೆಕ್ಸ್ಟ್ ಫೈಲನ್ನೇ ಕಾಪಿ ಮಾಡುತ್ತಾರೆ. ಮಷೀನಿಗೇ ಗೊತ್ತಾಗದೆ 'ಎನ್' ಎಂದು ಬರೆದ ಕಡೆ, ಗ್ರಾಫ್ ನೋಡಿದರೆ ಎಷ್ಟೋ ಸಲ ಅಕ್ಷರ ಎದ್ದು ಕಾಣುತ್ತದೆ.

ರಿವರ್ಸ್ ಫೈಲನ್ನು ತಿರುಗಿಸಿ

ರಿವರ್ಸ್ ಫೈಲು ಡಿಎನ್‌ಎಯ ಎದುರು ಎಳೆಯಿಂದ ಓದಿದ್ದು. 'ಡೇಟಾ' ಮೆನುವಿನಲ್ಲಿ 'ರಿವರ್ಸ್ ಕಾಂಪ್ಲಿಮೆಂಟ್' ಒತ್ತಿ. ನಾನು ಮೊದಲ ಸಲ ಇದನ್ನು ಮರೆತಿದ್ದೆ. ಸೀಕ್ವೆನ್ಸ್ ಕೊಟ್ಟರೆ ಅದಕ್ಕೆ ಹೋಲುವವನ್ನು ಹುಡುಕಿಕೊಡುವ ಬ್ಲಾಸ್ಟ್‌ನಲ್ಲಿ ಹಾಕಿದಾಗ ಸರಿಯಾದ ಹೆಸರೇ ಬಂತು. ಅದು ಎರಡೂ ಎಳೆಗಳನ್ನು ಹುಡುಕುತ್ತದೆ, ಹಾಗಾಗಿ ತಕರಾರು ಮಾಡುವುದಿಲ್ಲ. ಆದರೆ ಅಲೈನ್‌ಮೆಂಟಿನಲ್ಲಿ, ಅಂದರೆ ಸಾಲುಗಳನ್ನು ಅಕ್ಷರಕ್ಕೆ ಅಕ್ಷರ ಹೊಂದಿಸಿಟ್ಟಾಗ, ನನ್ನ ಸಾಲು ಹರಿದ ಬಲೆಯ ಹಾಗೆ ಬರೀ ತೂತು. ಒಂದು ಮಧ್ಯಾಹ್ನ ಪೂರ್ತಿ ಸೀಕ್ವೆನ್ಸಿಂಗ್‌ನವರನ್ನು ಸುಮ್ನೆ ಬೈದೆ.

ತಿರುಗಿಸಿದ ಮೇಲೆ ಎರಡೂ ಸಾಲುಗಳನ್ನು ಮಸಲ್ ವಿಧಾನದಲ್ಲಿ ಅಲೈನ್ ಮಾಡಿ. ಎರಡೂ ಒಂದಕ್ಕೊಂದು ಹೊಂದದ ಜಾಗದಲ್ಲಿ ಮತ್ತೆ ಗ್ರಾಫಿಗೆ ಹೋಗಿ, ಯಾವುದರ ಗುಡ್ಡ ಚೊಕ್ಕವಾಗಿದೆಯೋ ಅದನ್ನು ನಂಬಿ. ಎರಡನ್ನೂ ಸೇರಿಸಿ ಒಂದೇ ಸಾಲು ಮಾಡಿಕೊಳ್ಳಿ.

ಪ್ರೊಟೀನ್ ಆಗಿ ಓದಿ

ನನ್ನ ಪ್ರಕಾರ ಅಸಲಿ ಪರೀಕ್ಷೆ ಇದೇ. ಸಿಒಐ ಜೀನು ಪ್ರೊಟೀನ್ ಮಾಡುವ ಜೀನು. ಮೂರು ಮೂರು ಅಕ್ಷರ ಸೇರಿ ಒಂದು ಅಮೈನೊ ಆಮ್ಲ. ನಡುವೆ ನಿಲುಗಡೆ ಇರಬಾರದು. ಮೆಗಾದಲ್ಲಿ ಅನುವಾದಿತ ಪ್ರೊಟೀನಿನ ಟ್ಯಾಬ್ ಒತ್ತಿದರೆ ನಿಲುಗಡೆ ಇರುವಲ್ಲಿ ನಕ್ಷತ್ರ ಚಿಹ್ನೆ ಕಾಣುತ್ತದೆ.

ಹೊಸಬರಿಗೆ ಸಾಮಾನ್ಯವಾಗಿ ಆಗುವುದು ಹೀಗೆ. ಮೀನಿನ ಈ ತುಂಡಿನ ಶುರುವಿನಲ್ಲೇ ಎಷ್ಟೋ ಸಲ 'ಜಿಜಿಟಿ ಜಿಸಿಸಿ ಟಿಜಿಎ ಜಿಸಿಸಿ' ಎಂಬ ಸಾಲು ಸಿಗುತ್ತದೆ. ಸಾಫ್ಟ್‌ವೇರು ಮಾಮೂಲಿ ಕೋಡಿನಲ್ಲಿದ್ದರೆ ಟಿಜಿಎ ಎಂದರೆ ನಿಲುಗಡೆ. ನಕ್ಷತ್ರ ಕಂಡು 'ನನ್ನ ಸೀಕ್ವೆನ್ಸ್ ಹಾಳು' ಎಂದು ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ. ಆದರೆ ಬೆನ್ನೆಲುಬಿರುವ ಪ್ರಾಣಿಗಳ ಮೈಟೊಕಾಂಡ್ರಿಯಾದಲ್ಲಿ ಟಿಜಿಎ ಎಂದರೆ ಟ್ರಿಪ್ಟೊಫಾನ್. ಹಾಗಾಗಿ ಜೆನೆಟಿಕ್ ಕೋಡಿನ ಪಟ್ಟಿಯಲ್ಲಿ 'ವರ್ಟಿಬ್ರೇಟ್ ಮೈಟೊಕಾಂಡ್ರಿಯಲ್' ಆರಿಸಿ. ನಕ್ಷತ್ರದ ಜಾಗದಲ್ಲಿ ಡಬ್ಲ್ಯು ಅಕ್ಷರ ಬಂದು ಕೂರುತ್ತದೆ.

ಆಮೇಲೂ ನಕ್ಷತ್ರಗಳಿದ್ದರೆ ಶುರುವಿನಿಂದ ಒಂದು ಅಕ್ಷರ ತೆಗೆದು ನೋಡಿ. ಆಗಲಿಲ್ಲವೇ, ಇನ್ನೊಂದು ತೆಗೆಯಿರಿ. ಮೂರರ ಲೆಕ್ಕ ಎಲ್ಲಿಂದ ಶುರು ಎಂಬುದು ಹಾಗೇ ಸಿಗುತ್ತದೆ. ಮೊದಲರ್ಧ ಸರಿಯಿದ್ದು ನಡುವಿನಿಂದ ಕೆಟ್ಟರೆ, ಅಲ್ಲೇ ಎಲ್ಲೋ ಒಂದು ಅಕ್ಷರ ಹೆಚ್ಚೋ ಕಡಿಮೆಯೋ ಆಗಿದೆ. ಗ್ರಾಫಿನಲ್ಲಿ ಆ ಜಾಗ ನೋಡಿ. ಯಾವುದಕ್ಕೂ ಬಗ್ಗದಿದ್ದರೆ, ಬಹಳ ಹಿಂದೆ ಕೋಶಕೇಂದ್ರಕ್ಕೆ ನಕಲಾಗಿ ಕೆಲಸ ನಿಲ್ಲಿಸಿದ ಹಳೇ ಪ್ರತಿಯನ್ನು ನಿಮ್ಮ ಪಿಸಿಆರ್ ಹಿಡಿದಿರಬಹುದು. ಅದು ಜಾತಿ ಪತ್ತೆಗೆ ಬೇಡ.

ಹೋಲಿಸಿ

ಎನ್‌ಸಿಬಿಐ ತಾಣದಲ್ಲಿರುವ ಜೆನ್‌ಬ್ಯಾಂಕ್ ಎಂಬ ಸೀಕ್ವೆನ್ಸ್ ಭಂಡಾರದಿಂದ ಎರಡೂ ಜಾತಿಯ ಅಂಜಲ್‌ನ ಸಿಒಐ ಸೀಕ್ವೆನ್ಸ್‌ಗಳನ್ನು ಫಾಸ್ಟಾ ಎಂಬ ಸಾದಾ ಟೆಕ್ಸ್ಟ್ ಫೈಲಾಗಿ ಇಳಿಸಿಕೊಳ್ಳಿ. ಒಂದೊಂದೇ ಸಾಲದು, ನಾಲ್ಕೈದು ಇರಲಿ. ಅಲ್ಲಿಯೂ ತಪ್ಪು ಹೆಸರು ಅಂಟಿಸಿದವು ಇರುತ್ತವೆ. ಹೋಲಿಕೆಗೆಂದು ಬೇಲಿಯಾಚೆಯ ನೆಂಟನಾಗಿ ಒಂದು ಬಂಗುಡೆಯ ಸೀಕ್ವೆನ್ಸನ್ನೂ ಸೇರಿಸಿ. ಈ ಫೈಲುಗಳನ್ನು ವರ್ಡ್‌ನಲ್ಲಿ ತೆರೆದು ಸೇವ್ ಮಾಡಬೇಡಿ, ನೋಟ್‌ಪ್ಯಾಡ್ ಸಾಕು.

ಎಲ್ಲವನ್ನೂ ಅಲೈನ್ ಮಾಡಿ, ತುದಿಗಳನ್ನು ಸಮ ಮಾಡಿ, 'ಡಿಸ್ಟೆನ್ಸ್' ಮೆನುವಿನಲ್ಲಿ ಜೋಡಿ ಜೋಡಿ ದೂರ, ಅಂದರೆ ಎರಡು ಸಾಲುಗಳ ನಡುವೆ ಅಕ್ಷರಗಳು ಎಷ್ಟು ಬೇರೆ ಎಂಬುದನ್ನು, ಲೆಕ್ಕ ಹಾಕಿಸಿ. ಲೆಕ್ಕದ ಮಾಡೆಲ್ ಕೇಳಿದರೆ ಕಿಮುರಾ 2-ಪ್ಯಾರಾಮೀಟರ್ ಕೊಡಿ. ಉತ್ತರ ಶೇಕಡಾ ಲೆಕ್ಕದಲ್ಲಿರುವುದಿಲ್ಲ. 0.02 ಎಂದರೆ ಶೇ 2.

ಎಷ್ಟಿದ್ದರೆ ಒಂದೇ ಜಾತಿ? ಆಸ್ಟ್ರೇಲಿಯಾದ 207 ಮೀನು ಜಾತಿಗಳ ಮೇಲೆ 2005ರಲ್ಲಿ ಬಂದ ಅಧ್ಯಯನದಲ್ಲಿ ಒಂದೇ ಜಾತಿಯೊಳಗಿನ ದೂರ ಸರಾಸರಿ ಶೇ 0.39, ಒಂದೇ ಕುಲದ ಬೇರೆ ಜಾತಿಗಳ ನಡುವೆ ಶೇ 9.93. ನಮ್ಮ 650 ಅಕ್ಷರಕ್ಕೆ ಇಳಿಸಿದರೆ ಎರಡು ಮೂರು ಅಕ್ಷರ ಒಂದು ಕಡೆ, ಅರವತ್ತು ಚಿಲ್ಲರೆ ಇನ್ನೊಂದು ಕಡೆ. ಯಾವುದು ಯಾವುದಕ್ಕೆ ಹತ್ತಿರ ಎಂದು ತೋರಿಸುವ ಮರದ ಚಿತ್ರ ಬೇಕಿದ್ದರೆ ನೇಬರ್ ಜಾಯಿನಿಂಗ್ ವಿಧಾನ ಆರಿಸಿ, ಕೊಂಬೆಗಳು ಎಷ್ಟು ಗಟ್ಟಿ ಎಂದು ನೋಡಲು ಬೂಟ್‌ಸ್ಟ್ರಾಪ್ 1000 ಕೊಟ್ಟು ಚಹಾ ಕುಡಿದು ಬನ್ನಿ.

ನಿಮ್ಮ ತುಂಡು ಅಂಜಲ್‌ಗಳ ಗುಂಪು ಬಿಟ್ಟು ಬಂಗುಡೆಯ ಪಕ್ಕ ಕೂತಿದೆಯೇ? ಮೀನು ಮಾರುವ ಅಕ್ಕನ ಹತ್ತಿರ ಜಗಳಕ್ಕೆ ಹೋಗುವ ಮುಂಚೆ, ಫ್ರೀಜರಿನಲ್ಲಿರುವ ಟ್ಯೂಬಿನ ಮೇಲೆ ನೀವೇ ಬರೆದ ಹೆಸರನ್ನು ಒಮ್ಮೆ ಓದಿ ನೋಡಿ.