ವರದಿ ಬರೆಯುವಾಗ ಸಮಾಧಿ ರಿಜಿಸ್ಟರ್ ತೆಗೆಯಿರಿ

ಚರ್ಚಿನ ಸಭಾಪಾಲಕರೇ, ಡಿಸೆಂಬರ್ 31ರ ರಾತ್ರಿ ಆರಾಧನೆಗೆ ವರ್ಷದ ವರದಿ ಬರೆಯಲು ಕೂತಾಗ ಸಮಾಧಿ ರಿಜಿಸ್ಟರ್, ಅಂದರೆ ಮಣ್ಣು ಮಾಡಿದವರ ಹೆಸರು, ತಾರೀಖು ಬರೆದಿಡುವ ಪುಸ್ತಕ, ಪಕ್ಕದಲ್ಲಿಟ್ಟುಕೊಳ್ಳಿ. ಅದರ ಒಂದೊಂದು ತಾರೀಖನ್ನೂ ಹೊಸ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ, ಆ ವಾರ ಆ ಮನೆಗೆ ಹೋಗಿ ಬನ್ನಿ. ಸಾವಾದ ಮೊದಲ ತಿಂಗಳು ಮನೆ ತುಂಬ ಜನ. ವರ್ಷ ತುಂಬುವ ಹೊತ್ತಿಗೆ ಹೋದವರ ಹೆಸರು ಎತ್ತುವವರೂ ಕಡಿಮೆ. ಆಗ ಸುಮ್ನೆ ಹತ್ತು ನಿಮಿಷ ಕೂತು ಪ್ರಾರ್ಥನೆ ಮಾಡಿದರೂ ಸಾಕು. ನೆನಪನ್ನು ನಂಬಬೇಡಿ, ಅದು ಬೆಳೆ ಹಬ್ಬದಲ್ಲಿ ಜನ ತಂದ ಕಾಣಿಕೆಗಳ ಹರಾಜನ್ನು ಮಾತ್ರ ಚೆನ್ನಾಗಿ ಇಟ್ಟುಕೊಂಡಿರುತ್ತದೆ! ಸ್ವಂತ ಊರಿಗೆ ಒಯ್ದು ಮಣ್ಣು ಮಾಡಿದವರ ಹೆಸರು ನಿಮ್ಮ ರಿಜಿಸ್ಟರ್‌ನಲ್ಲಿ ಸಿಗುವುದಿಲ್ಲ, ಸಭೆಯ ಹಿರಿಯರನ್ನು ಕೇಳಿ. ಕೆಲವರಿಗೆ ಆ ದಿನ ಯಾರೂ ಬರುವುದೇ ಬೇಡ ಅನಿಸುತ್ತದೆ, ಹಾಗಾಗಿ ಮೊದಲು ಫೋನ್ ಮಾಡಿ.