ಯಾವ ಕ್ಲೋನ್ ಇಟ್ಟುಕೊಳ್ಳಬೇಕು? ಎಕ್ಸೆಲ್ ಶೀಟಿನಲ್ಲೇ ಲೆಕ್ಕ ಹಾಕಿ

ಬಯೋಟೆಕ್ ಓದುವ ಹುಡುಗರು ಪ್ರಾಜೆಕ್ಟಿನಲ್ಲಿ ಕ್ಲೋನ್ (ಒಂದೇ ಕೋಶದಿಂದ ಬೆಳೆದ ಕೋಶಗಳ ಬಳಗ) ಆರಿಸುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. 14ನೇ ದಿನ ಯಾವ ಫ್ಲಾಸ್ಕಿನಲ್ಲಿ ಪ್ರೋಟೀನ್ ಜಾಸ್ತಿಯೋ ಅದು ಪಾಸು, ಉಳಿದದ್ದು ಕಸಕ್ಕೆ. ಆ ಒಂದು ಅಂಕಿಯೊಳಗೆ ಎರಡು ಸಂಗತಿ ಸೇರಿಕೊಂಡಿರುತ್ತವೆ: ಕೋಶಗಳು ಎಷ್ಟಿದ್ದವು, ಒಂದೊಂದು ಕೋಶ ಎಷ್ಟು ದುಡಿಯಿತು. ಎರಡನ್ನೂ ಬಿಡಿಸಿ ನೋಡಲೇಬೇಕು.

ಇಲ್ಲಿ ಹೇಳುತ್ತಿರುವುದು ಸಿಎಚ್‌ಒ ಕೋಶಗಳ ಬಗ್ಗೆ. ಚೈನೀಸ್ ಹ್ಯಾಮ್‌ಸ್ಟರ್ ಎಂಬ ಪುಟ್ಟ ಪ್ರಾಣಿಯ ಅಂಡಾಶಯದಿಂದ 1957ರಲ್ಲಿ ಅಮೆರಿಕದ ಥಿಯೋಡೋರ್ ಪಕ್ ಬೆಳೆಸಿದ ಕೋಶಗಳ ವಂಶ ಇದು. ಸ್ತನ ಕ್ಯಾನ್ಸರಿಗೆ ಕೊಡುವ ಟ್ರಾಸ್ಟುಜುಮ್ಯಾಬ್ ಎಂಬ ಪ್ರೋಟೀನ್ ಔಷಧ ತಯಾರಾಗುವುದು ಇವುಗಳಲ್ಲೇ, ಬೆಂಗಳೂರಿನಲ್ಲೂ.

1. ಎಣಿಸಿ. ಸತ್ತ ಕೋಶಗಳನ್ನಷ್ಟೇ ನೀಲಿಯಾಗಿಸುವ ಟ್ರಿಪಾನ್ ಬ್ಲೂ ಬಣ್ಣ ಹಾಕಿ, ನೀಲಿಯಾಗದ ಕೋಶಗಳನ್ನು ಎಣಿಸಿ. ನೂರಕ್ಕೆ ನಿಲ್ಲಿಸಿದರೆ ಶೇ 10ರಷ್ಟು ಏರುಪೇರು ಗ್ಯಾರಂಟಿ. 400 ಎಣಿಸಿದರೆ ಅದು ಶೇ 5ಕ್ಕೆ ಇಳಿಯುತ್ತದೆ. ಹಳೇ ಬಾಟಲಿಯ ಬಣ್ಣದಲ್ಲಿ ಹರಳು ಕಟ್ಟಿರುತ್ತದೆ, ಅದನ್ನೂ ಸತ್ತ ಕೋಶವೆಂದು ಎಣಿಸುವವರಿದ್ದಾರೆ. ಸೋಸಿ, ಇಲ್ಲವೇ ಹೊಸದು ತನ್ನಿ. ಬಣ್ಣ ಹಾಕಿಟ್ಟು ಟೀಗೆ ಹೋಗಬೇಡಿ. ಜಾಸ್ತಿ ಹೊತ್ತಾದರೆ ಬದುಕಿದ್ದವೂ ನೀಲಿಯಾಗುತ್ತವೆ.

2. ಬೆಳವಣಿಗೆಯ ವೇಗ. ಎರಡು ಎಣಿಕೆಗಳ ನ್ಯಾಚುರಲ್ ಲಾಗ್‌ಗಳ ವ್ಯತ್ಯಾಸವನ್ನು ದಿನಗಳಿಂದ ಭಾಗಿಸಿ. ಎಕ್ಸೆಲ್‌ನಲ್ಲಿ 'ಎಲ್‌ಎನ್' ಬಳಸಿ, 'ಲಾಗ್' ಅಲ್ಲ.

3. ಕೋಶ-ದಿನ. ಕೆಡುವುದೇ ಇಲ್ಲಿ. ತೋಟದಲ್ಲಿ ಎಷ್ಟು ಆಳು, ಎಷ್ಟು ದಿನ ಎಂದು ಕೂಲಿ ಲೆಕ್ಕ ಹಾಕುತ್ತೇವಲ್ಲ, ಅದೇ ಲೆಕ್ಕ. ದಿನದಿನದ ಬದುಕಿರುವ ಕೋಶಗಳನ್ನು ಕೂಡಿಸುತ್ತಾ ಹೋಗಬೇಕು. ಹೆಚ್ಚಿನವರು ಎರಡು ಎಣಿಕೆಯ ಸರಾಸರಿ ತೆಗೆದು ದಿನಗಳಿಂದ ಗುಣಿಸುತ್ತಾರೆ. ದಿನಾ ಎಣಿಸಿದರೆ ಪರವಾಗಿಲ್ಲ. ಆದರೆ ಶನಿವಾರ, ಭಾನುವಾರ ಲ್ಯಾಬಿಗೆ ಯಾರು ಬರುತ್ತಾರೆ?

ಶುಕ್ರವಾರ ಮಿಲಿಲೀಟರಿಗೆ 10 ಲಕ್ಷ ಇದ್ದದ್ದು ಸೋಮವಾರ 80 ಲಕ್ಷ ಆಯಿತು ಅನ್ನಿ. ಸರಾಸರಿ 45 ಲಕ್ಷ, ಮೂರು ದಿನಕ್ಕೆ 135 ಲಕ್ಷ ಕೋಶ-ದಿನ. ಆದರೆ ಕೋಶಗಳು ದಿನಾ ದುಪ್ಪಟ್ಟಾಗುತ್ತಾ ಬಂದಿವೆ. ಹೆಚ್ಚಿನವು ಹುಟ್ಟಿದ್ದು ಕೊನೆಯಲ್ಲಿ. ಸರಿಯಾದ ಸೂತ್ರ ಹೀಗಿದೆ: ಎಣಿಕೆಗಳ ವ್ಯತ್ಯಾಸವನ್ನು ಅವುಗಳ ಲಾಗ್‌ಗಳ ವ್ಯತ್ಯಾಸದಿಂದ ಭಾಗಿಸಿ, ದಿನಗಳಿಂದ ಗುಣಿಸಿ. ಬರುವುದು ಸುಮಾರು 101 ಲಕ್ಷ. ಅಂದರೆ ಶೇ 34ರಷ್ಟು ಹೆಚ್ಚು ಕೂಲಿ ಬರೆದಿದ್ದೀರಿ. ಇದೇ ಮೂರು ದಿನದಲ್ಲಿ 10 ಲಕ್ಷದಿಂದ 20 ಲಕ್ಷಕ್ಕಷ್ಟೇ ಹೋದ ನಿಧಾನದ ಕ್ಲೋನಿನಲ್ಲಿ ತಪ್ಪು ಬರೀ ಶೇ 4. ಹೀಗಾಗಿ ಚುರುಕಾಗಿ ಬೆಳೆಯುವ ಕ್ಲೋನ್ ಸುಮ್ನೆ ಸೋಮಾರಿ ಎನಿಸಿಕೊಳ್ಳುತ್ತದೆ. ಒಳ್ಳೆಯ ಕ್ಲೋನನ್ನು ಹೀಗೆ ಎಸೆದದ್ದು ಕಣ್ಣಾರೆ ನೋಡಿದ್ದೇನೆ.

ಬೀಳುವ ಇನ್ನೊಂದು ಗುಂಡಿ ಫೀಡ್, ಅಂದರೆ ನಡುನಡುವೆ ಕೋಶಗಳಿಗೆ ಹಾಕುವ ಆಹಾರದ ದ್ರಾವಣ. ಒಂದು ಲೀಟರ್ ಕಲ್ಚರಿಗೆ 100 ಮಿಲಿಲೀಟರ್ ಫೀಡ್ ಹಾಕಿದ ಕೂಡಲೇ ಲೀಟರಿಗೆ 1.1 ಗ್ರಾಂ ಇದ್ದ ಪ್ರೋಟೀನ್ 1 ಗ್ರಾಂ ಎಂದು ತೋರುತ್ತದೆ. ಏನೂ ಕಳೆದಿಲ್ಲ, ತೆಳ್ಳಗಾಗಿದೆ ಅಷ್ಟೇ. ಪ್ರತಿ ಮಿಲಿಲೀಟರಿನ ಲೆಕ್ಕ ಬಿಡಿ. ಪಾತ್ರೆಯಲ್ಲಿರುವ ಒಟ್ಟು ಕೋಶ, ಒಟ್ಟು ಗ್ರಾಂ ಹಿಡಿಯಿರಿ. ಸ್ಯಾಂಪಲ್ ತೆಗೆದಾಗ ಹೊರಗೆ ಹೋದ ಪ್ರೋಟೀನನ್ನೂ ಕೂಡಿಸಿ.

4. ದುಡಿಮೆ. ಒಟ್ಟು ಕೋಶ-ದಿನ ಅಡ್ಡಕ್ಕೆ, ಒಟ್ಟು ಪ್ರೋಟೀನ್ ಉದ್ದಕ್ಕೆ ಇಟ್ಟು ಗ್ರಾಫ್ ಬಿಡಿಸಿ. ಗೆರೆಯ ಇಳಿಜಾರೇ ಒಂದು ಕೋಶದ ಒಂದು ದಿನದ ದುಡಿಮೆ, ಪಿಕೋಗ್ರಾಂಗಳಲ್ಲಿ (ಒಂದು ಗ್ರಾಂನ ಲಕ್ಷ ಕೋಟಿಯಲ್ಲಿ ಒಂದು ಪಾಲು). ನಿನ್ನೆ ಇವತ್ತಿನ ವ್ಯತ್ಯಾಸದಿಂದ ದಿನದಿನದ ದುಡಿಮೆ ತೆಗೆಯಲು ಹೋಗಬೇಡಿ, ಎಣಿಕೆಯ ಏರುಪೇರೇ ಕುಣಿಯುತ್ತದೆ. ನಡುವೆ ಗೆರೆ ಬಾಗಿದರೆ ಎರಡು ತುಂಡು ಮಾಡಿ. ಒಂದೇ ಗೆರೆ ಬಲವಂತವಾಗಿ ಎಳೆಯಬೇಡಿ.

5. ಹೋಲಿಸಿ. ಫೀಡಿನ ಗೊಂದಲವೆಲ್ಲ ತೀರಿದ ಮೇಲೆ ನೆನಪಿಡಲು ಒಂದು ಸುಲಭ ದಾರಿ: ಮಿಲಿಲೀಟರಿಗೆ ಎಷ್ಟು ದಶಲಕ್ಷ ಕೋಶ-ದಿನವೋ, ಅದನ್ನು ಪಿಕೋಗ್ರಾಂನಿಂದ ಗುಣಿಸಿದರೆ ಲೀಟರಿಗೆ ಮಿಲಿಗ್ರಾಂ ಸಿಗುತ್ತದೆ. 'ಕ' ಕ್ಲೋನ್ ಮಿಲಿಲೀಟರಿಗೆ 150 ದಶಲಕ್ಷ ಕೋಶ-ದಿನಕ್ಕೆ ಲೀಟರಿಗೆ 3 ಗ್ರಾಂ ಕೊಟ್ಟರೆ ದುಡಿಮೆ 20 ಪಿಕೋಗ್ರಾಂ. 'ಖ' ಬರೀ 80ಕ್ಕೆ 2.8 ಗ್ರಾಂ ಕೊಟ್ಟರೆ 35. ಫ್ಲಾಸ್ಕ್ ನೋಡಿದವರು 'ಕ' ಆರಿಸುತ್ತಾರೆ. ನಾನಾದರೆ 'ಖ'. ಫೀಡ್ ಸುಧಾರಿಸಿ ಅದನ್ನು 120ಕ್ಕೆ ಏರಿಸಿದರೆ 4.2 ಗ್ರಾಂ ಬರಬೇಕು. ದುಡಿಮೆ ಹಾಗೇ ಉಳಿದರೆ ಮಾತ್ರ, ಅದನ್ನು ಮಾಡಿಯೇ ನೋಡಬೇಕು.

ಗ್ಲೂಕೋಸ್, ಲ್ಯಾಕ್ಟೇಟ್, ಅಮೋನಿಯಾ ಎಲ್ಲ ಸೇರಿಸಿದ ಹತ್ತಾರು ಸ್ಥಿರಾಂಕಗಳ ಮಾದರಿ ಈ ಹಂತದಲ್ಲಿ ಬೇಡ. 14 ಎಣಿಕೆಗೆ 12 ಸ್ಥಿರಾಂಕ ಹೊಂದಿಸಿದರೆ ಎಂಥ ಗೆರೆಯೂ ಕೂತುಬಿಡುತ್ತದೆ, ಅಲ್ವಾ? ದುಬಾರಿ ಸಾಫ್ಟ್‌ವೇರ್ ಆ ಗೆರೆಗೆ ಬಣ್ಣ ಹಚ್ಚಿ ಕೊಡುತ್ತದೆ, ಅಷ್ಟೇ.

6. ತಾಳಿಕೆ. ಸುಮಾರು 60 ತಲೆಮಾರು ಬೆಳೆಸಿ, ದುಡಿಮೆಯನ್ನು ಮತ್ತೆ ಅಳೆಯಿರಿ. ದಿನಕ್ಕೊಮ್ಮೆ ದುಪ್ಪಟ್ಟಾದರೆ ಎರಡು ತಿಂಗಳ ಕೆಲಸ, ಅದಕ್ಕೇ ಎಲ್ಲರೂ ಹಾರಿಸುತ್ತಾರೆ. ಪ್ರೋಟೀನ್ ಮಾಡುವುದನ್ನು ಬಿಟ್ಟ ಕೋಶಕ್ಕೆ ಹೊರೆ ಕಡಿಮೆ, ಬೇಗ ಬೆಳೆಯಬಹುದು. ಅಂಥವು ನೂರಕ್ಕೆ ಒಂದೇ ಇದ್ದು, ಬರೀ ಶೇ 10 ಚುರುಕಾಗಿದ್ದರೂ ಸಾಕು. ಉಳಿದವು 60 ಸಲ ದುಪ್ಪಟ್ಟಾಗುವಷ್ಟರಲ್ಲಿ ಇವು 66 ಸಲ ಆಗಿರುತ್ತವೆ. ಉಳಿದವುಗಳಿಗೆ ಹೋಲಿಸಿದರೆ ಇವು 64 ಪಟ್ಟು ಏರಿ, 99ಕ್ಕೆ 1 ಇದ್ದದ್ದು 99ಕ್ಕೆ 64 ಆಗಿ, ನೂರಕ್ಕೆ 39ರಷ್ಟು ಬರೀ ಕೂತು ತಿನ್ನುವವೇ ಆಗುತ್ತವೆ. ಹಾಗಾಗಿ ಒಂದೇ ಕ್ಲೋನ್ ನಂಬಿ ಕೂರಬೇಡಿ, ಮೂರನ್ನಾದರೂ ಮುಂದಕ್ಕೆ ಒಯ್ಯಿರಿ. ಮೂರರ ವಯಲ್‌ಗಳನ್ನೂ ಮೊದಲ ವಾರವೇ ಫ್ರೀಜ್ ಮಾಡಿ, ಎರಡು ಬೇರೆ ಬೇರೆ ನೈಟ್ರೋಜನ್ ಟ್ಯಾಂಕುಗಳಲ್ಲಿ ಇಡಿ.